ಜಪಾನಿಗೆ ಹೋಗಲು ಇಂಗ್ಲಿಷಿನ ಅಪ್ಪಣೆ ಏಕೆ?

ಔರಾದ ಕಡೆಯ ಹುಡುಗಿಯೊಬ್ಬಳು ಹತ್ತನೆಯ ತರಗತಿಯವರೆಗೆ ನನ್ನ ಕೈಯಲ್ಲಿ ಕನ್ನಡ ಕಲಿತಳು. ಮನೆಯಲ್ಲಿ ಮರಾಠಿ, ಓಣಿಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ. ಮೂರರಲ್ಲೂ ಜಗಳಾಡಿ ಗೆಲ್ಲಬಲ್ಲವಳು. ಮುಂದೆ ಬೆಂಗಳೂರಿನ ಕಾಲೇಜೊಂದರಲ್ಲಿ ಜಪಾನಿ ಭಾಷೆಯ ತರಗತಿಗೆ ಹೆಸರು ಹಚ್ಚಿದಳು. ಮೂರು ತಿಂಗಳಿಗೆ ಬಿಟ್ಟು ಬಂದಳು.

"ಯಾಕವ್ವಾ, ಅಷ್ಟು ಕಠಿಣ ಇತ್ತೇನು?" ಎಂದೆ.

"ಜಪಾನಿ ಕಠಿಣ ಇರಲಿಲ್ರಿ ಟೀಚರ್. ಅದನ್ನ ಹೇಳಿಕೊಡೋ ಇಂಗ್ಲಿಷೇ ತಿಳೀಲಿಲ್ಲ" ಎಂದಳು.

ನಾನು ಜಪಾನಿ ಬಲ್ಲವಳಲ್ಲ. ಆದರೆ ಅವಳು ಮೂಲೆಗೆ ಎಸೆದಿದ್ದ ಪುಸ್ತಕವನ್ನು ಅವಳನ್ನೇ ಕೂಡಿಸಿಕೊಂಡು ತಿರುವಿಹಾಕಿದೆ. ತಿರುವಿದಷ್ಟೂ ಸಿಟ್ಟು ಬಂತು. 'ನಾನು ನೀರು ಕುಡಿಯುತ್ತೇನೆ' ಎಂಬುದು ಜಪಾನಿಯಲ್ಲಿ 'ವಾತಾಶಿ ವಾ ಮಿಝು ಓ ನೊಮಿಮಾಸು'. ಮೊದಲು ನಾನು, ಆಮೇಲೆ ನೀರು, ಕಡೆಗೆ ಕುಡಿಯುವುದು. 'ನಿನ್ನೆ ಬಂದ ಹುಡುಗಿ' ಎಂಬುದು 'ಕಿನೋ ಕಿತ ಒನ್ನಾ ನೊ ಕೊ'. ಪದದ ಬೆನ್ನಿಗೆ ಪದ, ನಮ್ಮದೇ ಸಾಲು. ವಿಭಕ್ತಿಯಂಥ ಪ್ರತ್ಯಯಗಳು ನಮ್ಮಲ್ಲಿರುವಂತೆ ಹೆಸರಿನ ಹಿಂದೆ ಬರುತ್ತವೆ. 'ಇಂದ' ಎನ್ನಲು ಅಲ್ಲಿ 'ಕರ'. ನಾವು 'ಪಳಪಳ' ಎಂದರೆ ಅವರು 'ಕಿರಕಿರ' ಎನ್ನುತ್ತಾರೆ. ಹಿರಿಯರೊಡನೆ ಆಡುವ ಮಾತಿಗೆ ಬೇರೆ ರೂಪವೂ ಉಂಟು. ಅಕ್ಷರಮಾಲೆ ಅ, ಇ, ಉ, ಎ, ಒ ಎಂದು ಶುರುವಾಗಿ ಕ, ಸ, ತ, ನ ಎಂದು ಸಾಗುತ್ತದೆ. ಬೌದ್ಧರ ಜೊತೆ ನಮ್ಮ ದೇಶದಿಂದ ಹೋದ ವರ್ಣಕ್ರಮದ ಗುರುತು ಅದು.

ಇಷ್ಟು ಹತ್ತಿರದ ಭಾಷೆಯನ್ನು ನಮ್ಮ ಮಗುವಿಗೆ ಹೇಗೆ ಕಲಿಸುತ್ತೇವೆ? ಮೊದಲು ವಾಕ್ಯವನ್ನು ಇಂಗ್ಲಿಷಿಗೆ ತಿರುಗಿಸಿ ಬುಡಮೇಲು ಮಾಡುತ್ತೇವೆ. ಆಮೇಲೆ ಜಪಾನಿಗೆ ಬರುವಾಗ ಅದನ್ನೇ ಮತ್ತೆ ನೆಟ್ಟಗೆ ಮಾಡು ಎನ್ನುತ್ತೇವೆ. ಎಡವಿದರೆ ಹುಡುಗಿ ದಡ್ಡಿ! ಭಾಲ್ಕಿಯಿಂದ ಬೀದರಕ್ಕೆ ಬರುವವಳನ್ನು ಮುಂಬಯಿ ಸುತ್ತಿಸಿ ಕರೆತಂದು, ತಡವಾಯಿತೇಕೆ ಎಂದು ಗದರಿಸಿದಂತೆ ಇದು.

ಚೀನೀ ಮೂಲದ ಚಿತ್ರಾಕ್ಷರಗಳು ಕಷ್ಟವೇ, ಒಪ್ಪುತ್ತೇನೆ. ನಿತ್ಯ ಬಳಕೆಗೆಂದು ಜಪಾನ್ ಸರಕಾರ 2010ರಲ್ಲಿ ಗೊತ್ತುಮಾಡಿದ ಪಟ್ಟಿಯಲ್ಲಿಯೇ ಅವು 2136 ಇವೆ. ಆದರೆ ಆ ಕಷ್ಟ ಇಂಗ್ಲಿಷ್ ಬಲ್ಲವನಿಗೂ ಅಷ್ಟೇ ಇದೆ.

"ಉದ್ಯೋಗಕ್ಕೆ ಇಂಗ್ಲಿಷ್ ಬೇಕಲ್ಲ" ಎನ್ನುವವರಿದ್ದಾರೆ. ಆದರೆ ಐದನೆಯ ಹಂತದಿಂದ ಒಂದನೆಯ ಹಂತದವರೆಗೆ ನಡೆಯುವ ಜಪಾನಿ ಸಾಮರ್ಥ್ಯ ಪರೀಕ್ಷೆಯ ಪ್ರಶ್ನೆಗಳು ಜಪಾನಿಯಲ್ಲೇ ಇರುತ್ತವೆ. 2021ರ ಜನವರಿಯಲ್ಲಿ ಭಾರತ ಮತ್ತು ಜಪಾನ್ ಕುಶಲ ಕೆಲಸಗಾರರನ್ನು ಕಳಿಸುವ ಒಪ್ಪಂದ ಮಾಡಿಕೊಂಡವು. ಅದರಡಿ ರೋಗಿಗಳ, ಮುದುಕರ ಆರೈಕೆಗೆ ಹೋಗುವ ನಮ್ಮ ಹೆಣ್ಣುಮಕ್ಕಳು ಆಡಬೇಕಾದದ್ದೂ ಜಪಾನಿಯನ್ನೇ. ಜಪಾನಿನವರು ಕೇಳದ ಇಂಗ್ಲಿಷಿನ ಸುಂಕವನ್ನು ವಸೂಲು ಮಾಡುತ್ತಿರುವವರು ನಾವು.

"ಕನ್ನಡದಲ್ಲಿ ಪುಸ್ತಕ ಎಲ್ಲಿದೆ?" ಎಂಬುದು ಎರಡನೆಯ ಮಾತು. ಜರ್ಮನಿಯಿಂದ ಬಂದ ಕಿಟೆಲ್‌ರ ಕನ್ನಡ ನಿಘಂಟು 1894ರಲ್ಲಿ ಅಚ್ಚಾಯಿತು. ಒಬ್ಬ ಪರದೇಶಿ ಅಂದು ಅಷ್ಟು ಮಾಡಿದ. 1991ರಿಂದ ಹಂಪಿಯಲ್ಲಿ ಕನ್ನಡಕ್ಕೆಂದೇ ವಿಶ್ವವಿದ್ಯಾಲಯ ಇಟ್ಟುಕೊಂಡ ನಮಗೆ ಒಂದು ಪಠ್ಯಪುಸ್ತಕ ಭಾರವೆ? 2020ರ ಶಿಕ್ಷಣ ನೀತಿ ಪ್ರೌಢಶಾಲೆಯಲ್ಲೇ ಕಲಿಸಬಹುದಾದ ಭಾಷೆಗಳಲ್ಲಿ ಜಪಾನಿಯನ್ನೂ ಹೆಸರಿಸಿದೆ. ಯಾವ ಭಾಷೆಯ ಮೂಲಕ ಕಲಿಸುತ್ತೀರಿ ಎಂದು ಈಗ ಕೇಳದಿದ್ದರೆ ಇನ್ನು ಕೇಳುವುದು ಯಾವಾಗ?

ಇದು ಕೂಲಿಯ ಪ್ರಶ್ನೆ ಮಾತ್ರವಲ್ಲ. ಸಾವಿರ ವರ್ಷಗಳ ಹಿಂದೆ ಜಪಾನಿನ ಪಂಡಿತ ಗಂಡಸರು ಚೀನಿಯಲ್ಲಿ ಬರೆಯುತ್ತಿದ್ದಾಗ, 'ಹೆಂಗಸರ ಕೈಬರಹ' ಎನಿಸಿಕೊಂಡಿದ್ದ ಸ್ವಂತ ಲಿಪಿಯಲ್ಲಿ ಮುರಾಸಾಕಿ ಶಿಕಿಬು ಎಂಬಾಕೆ 'ಗೆಂಜಿಯ ಕಥೆ' ಬರೆದಳು. ಹನ್ನೆರಡನೆಯ ಶತಮಾನದ ಶರಣೆಯರು ಸಂಸ್ಕೃತಕ್ಕೆ ಕಾಯದೆ ಆಡುಗನ್ನಡದಲ್ಲಿ ವಚನ ನುಡಿದ ಬಸವಕಲ್ಯಾಣ ನಮ್ಮ ಜಿಲ್ಲೆಯದೇ. ಈ ನೆಲದ ಹುಡುಗಿಗೆ ಮುರಾಸಾಕಿಯ ಧೈರ್ಯವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ತರಗತಿಯಲ್ಲಿ ಆ ಹೆಸರೂ ಬರಲಿಲ್ಲವಂತೆ. ಬಂದದ್ದು ಸಂದರ್ಶನದಲ್ಲಿ ಬಾಗಿ ವಂದಿಸುವ ಪಾಠ.

ನನ್ನ ಹುಡುಗಿ ಈಗ ಬೀದರದ ಬಟ್ಟೆ ಅಂಗಡಿಯೊಂದರ ಲೆಕ್ಕ ಬರೆಯುತ್ತಾಳೆ. ನಾಲ್ಕನೆಯ ಭಾಷೆಗೆ ಅವಳು ಸಿದ್ಧಳಿದ್ದಳು. ಸಿದ್ಧರಿಲ್ಲದವರು ನಾವು ಕಲಿಸುವವರು.