ಇಲ್ಲದ ಊರಿಗೆ ಟಿಕೆಟ್ಟು

ಕಳೆದ ಭಾನುವಾರ ಆರುನೂರು ರೂಪಾಯಿ ಕೊಟ್ಟು ಇನ್ನೂರ ಎಂಬತ್ತು ಹೆಜ್ಜೆ ನಡೆದು ಬಂದೆ. ಎಣಿಸಿದ್ದು ನಾನಲ್ಲ, ಬಿಪಿ ನೋಡಿಕೊಳ್ಳಲಿ ಅಂತ ಸೊಸೆ ಕಟ್ಟಿಸಿದ ಕೈಗಡಿಯಾರ. ಒಂದು ಹೆಜ್ಜೆಗೆ ಎರಡು ರೂಪಾಯಿಗಿಂತ ಜಾಸ್ತಿ ಬಿತ್ತು. ಇಷ್ಟು ದುಬಾರಿಯಾಗಿ ನಾನು ನಡೆದದ್ದು ಮದುವೆಯ ದಿನ ಸಪ್ತಪದಿಯಲ್ಲಿ ಮಾತ್ರ.

ವಾಟ್ಸ್ಯಾಪಿನಲ್ಲಿ ಪೋಸ್ಟರ್ ಬಂದಿತ್ತು: ಮಲೆನಾಡಿನ ಹಳೇ ರೈಲು ಹಾದಿಯಲ್ಲಿ ಪಾರಂಪರಿಕ ನಡಿಗೆ, ಊಟ ತಿಂಡಿ ಸಹಿತ. ಚಿತ್ರದಲ್ಲಿ ಹೊಗೆ ಬಿಡುವ ಎಂಜಿನ್ನು. ಅದು ಡಾರ್ಜಿಲಿಂಗಿನದು ಎಂದು ನೋಡಿದ ತಕ್ಷಣ ಗೊತ್ತಾಯಿತು, ಆದರೂ ಆಸೆ. ಕ್ಯಾನ್ವಾಸ್ ಶೂ, ಕೊಡೆ, ಉಂಬಳಕ್ಕೆ ಸುಣ್ಣ ಹೊಗೆಸೊಪ್ಪು ಎಲ್ಲ ಕಟ್ಟಿಕೊಂಡು ಬೆಳಿಗ್ಗೆ ಎಂಟಕ್ಕೇ ಅರಸಾಳಿಗೆ ಹೋಗಿ ನಿಂತೆ. ಬೆಂಗಳೂರಿನಿಂದ ಬಂದ ಹುಡುಗ ಹುಡುಗಿಯರು ಒಂದು ಮಿನಿ ಬಸ್ಸಿನಿಂದ ಇಳಿದರು. ನಡಿಗೆ ಶುರುವಾಯಿತು. ಬಸ್ಸು ನಿಂತ ಜಾಗದಿಂದ ಹಳೇ ಸ್ಟೇಷನ್ ಕಟ್ಟಡ, ಅಲ್ಲಿಂದ ಚಹಾ ಮಾರುವ ಹಳೇ ಬೋಗಿ, ಬೋಗಿಯಿಂದ ವಾಪಸ್ ಬಸ್ಸು. ಮುಗಿಯಿತು. ಉಂಬಳಕ್ಕೂ ನಾವು ಸಿಗಲಿಲ್ಲ.

ಸಿಟ್ಟು ಬಂದದ್ದು ದುಡ್ಡಿಗಲ್ಲ. ಈ ಹಳಿ ಹಾಕಿದ್ದು ಯಾವಾಗ, ಯಾರು ಅಂತ ನಮ್ಮನ್ನು ನಡೆಸುತ್ತಿದ್ದ ಹುಡುಗನನ್ನು ಕೇಳಿದೆ. "ಬ್ರಿಟಿಷರ ಕಾಲದ್ದು ಸರ್" ಎಂದ. ನಮ್ಮಲ್ಲಿ ಹಳೆಯದೆಲ್ಲ ಇಬ್ಬರಿಗೇ ಸೇರಿದ್ದು. ಕಲ್ಲಿನದಾದರೆ ಪಾಂಡವರದು, ಕಬ್ಬಿಣದ್ದಾದರೆ ಬ್ರಿಟಿಷರದು. ಮಧ್ಯದಲ್ಲಿ ಮನುಷ್ಯರು ಯಾರೂ ಇರಲೇ ಇಲ್ಲ.

ತಮ್ಮಾ, ಇದು ಮೈಸೂರು ಸಂಸ್ಥಾನದ ರೈಲು. ಬೀರೂರಿನಿಂದ ಶಿವಮೊಗ್ಗಕ್ಕೆ 1899ರಲ್ಲೇ ಬಂದು, ಅಲ್ಲೇ ಮೂವತ್ತು ವರ್ಷ ಕೂತಿತ್ತು. ಆಮೇಲೆ ಕುಂಸಿ, ಅರಸಾಳು, ಆನಂದಪುರ, ಸಾಗರ ಎಂದು ತುಂಡು ತುಂಡಾಗಿ ಕಾಡು ಕಡಿದುಕೊಂಡು ಹೋಗಿ 1940ರಲ್ಲಿ ತಾಳಗುಪ್ಪ ಮುಟ್ಟಿತು. ಅತ್ತ 1939ರಲ್ಲಿ ಜೋಗದ ವಿದ್ಯುತ್ ಯೋಜನೆಯ ಕೆಲಸ ಶುರುವಾಗಿತ್ತು. ಆದರೂ ಹಳಿ ತಾಳಗುಪ್ಪಕ್ಕೇ ನಿಂತಿತು, ಜಲಪಾತಕ್ಕೆ ಇನ್ನೂ ಹದಿನೈದು ಕಿಲೋಮೀಟರಿನಷ್ಟು ದಾರಿ ಇರುವಾಗ. ಇವತ್ತಿಗೂ ಅಲ್ಲೇ ನಿಂತಿದೆ. ಹೊನ್ನಾವರಕ್ಕೆ ಹೋಗುತ್ತದೆ, ಸಿದ್ದಾಪುರಕ್ಕೆ ಹೋಗುತ್ತದೆ ಎಂಬ ಸುದ್ದಿ ಮಾತ್ರ ಪ್ರತಿ ಚುನಾವಣೆಗೂ ಸರಿಯಾದ ಸಮಯಕ್ಕೆ ಬರುತ್ತದೆ. ನಮ್ಮ ಭಾಗದಲ್ಲಿ ಹೊತ್ತಿಗೆ ಸರಿಯಾಗಿ ಬರುವ ರೈಲು ಅದೊಂದೇ.

ಇಷ್ಟು ಹೇಳಿದ್ದಕ್ಕೆ ಹುಡುಗ ವಿನಯದಿಂದಲೇ ತಲೆಯಾಡಿಸಿದ. ಆಮೇಲೆ ಎಲ್ಲರಿಗೂ ಕೇಳುವಂತೆ, "ಗಾಯ್ಸ್, ಮಾಲ್ಗುಡಿ ಡೇಸ್ ಸೀರಿಯಲ್ಲಿನ ಸ್ವಾಮಿ ಓಡಿ ಬಂದು ಟ್ರೇನ್ ಹಿಡಿಯೋದು ಇದೇ ಪ್ಲಾಟ್‌ಫಾರ್ಮ್" ಎಂದ. ಇಪ್ಪತ್ತು ಮೊಬೈಲುಗಳು ಒಟ್ಟಿಗೇ ಮೇಲೆದ್ದವು.

ಶಂಕರ್‌ನಾಗ್ ಮೇಲೆ ನನಗೆ ತಕರಾರಿಲ್ಲ. ಆಗುಂಬೆಯನ್ನೂ ಅರಸಾಳನ್ನೂ ಮಾಲ್ಗುಡಿ ಮಾಡಿ ಇಡೀ ದೇಶಕ್ಕೆ ತೋರಿಸಿದ ಮನುಷ್ಯ. ಆ ಧಾರಾವಾಹಿ ಬರುವ ಹೊತ್ತಿಗೆ ನಮ್ಮ ಬೀದಿಯಲ್ಲಿದ್ದ ಒಂದೇ ಟೀವಿಯ ಮುಂದೆ ನಾನೂ ಚಕ್ಕಳಮಕ್ಕಳ ಹಾಕಿ ಕೂತವನೇ. ಆರ್.ಕೆ. ನಾರಾಯಣ್ ಮೇಲೂ ಇಲ್ಲ. ಅವರ ಮಾಲ್ಗುಡಿ ಭೂಪಟದಲ್ಲಿ ಇಲ್ಲ, ಅದೇ ಅದರ ಸೊಗಸು. ನನ್ನ ಜಗಳ ನಮ್ಮ ಜೊತೆಗೇ. 2020ರಲ್ಲಿ ಅರಸಾಳಿನ ಹಳೇ ಕಟ್ಟಡಕ್ಕೆ ಬಣ್ಣ ಬಳಿದು ಮಾಲ್ಗುಡಿ ಮ್ಯೂಸಿಯಂ ಮಾಡಿದರು. ಬೀಳುತ್ತಿದ್ದ ಕಟ್ಟಡ ಉಳಿಯಿತಲ್ಲ, ಒಳ್ಳೆಯದೇ. ಒಳಗಿನ ಗೊಂಬೆಗಳೂ ಚೆನ್ನಾಗಿವೆ. ಆದರೆ ಒಂದು ಊರಿನ ಸ್ಟೇಷನ್ನನ್ನು ಉಳಿಸಬೇಕಾದರೆ ಆ ಊರಿನ ಹೆಸರನ್ನು ಒರೆಸಿ, ಇಲ್ಲದ ಊರೊಂದರ ಹೆಸರು ಬರೆಯಬೇಕೆ? ಅರಸಾಳು ಸ್ಟೇಷನ್ನಿನಲ್ಲಿ ಬಸುರಿಯರು ಹತ್ತಿದ್ದಾರೆ, ಹೆಣ ಇಳಿದಿದೆ, ಓದಲು ಹೋದ ಹುಡುಗರು ನಪಾಸಾಗಿ ತಲೆ ತಗ್ಗಿಸಿಕೊಂಡು ವಾಪಸ್ ಬಂದಿದ್ದಾರೆ. ಅವರಲ್ಲಿ ಒಬ್ಬರೂ ಟೀವಿಯಲ್ಲಿ ಬಂದಿಲ್ಲ, ಅಷ್ಟೇ ಅವರ ತಪ್ಪು.

ಇದೇ ಹಳಿಯ ಮೇಲೆ ಮುಂದೆ ಹೋದರೆ ಸಾಗರ ಜಂಬಗಾರು. 1951ರಲ್ಲಿ ರಾಮಮನೋಹರ ಲೋಹಿಯಾ ಕಾಗೋಡಿನ ಗೇಣಿ ರೈತರ ಸತ್ಯಾಗ್ರಹಕ್ಕೆ ಬಂದರು. ಪೊಲೀಸರು ಅವರನ್ನು ಹಿಡಿದದ್ದು ಸಾಗರದ ರೈಲು ನಿಲ್ದಾಣದಲ್ಲಿ. ಆ ನಿಲ್ದಾಣಕ್ಕೆ ಲೋಹಿಯಾ ಹೆಸರಿಡಿ ಎಂದು ಇಲ್ಲಿಯ ಸಮಾಜವಾದಿಗಳು ಕೇಳುತ್ತ ಬಂದಿದ್ದಾರೆ. ಅವರ ಗಂಟಲು ಒಣಗಿತು, ಕೆಲವರ ಉಸಿರೂ ನಿಂತಿತು. ಮೊನ್ನೆ ಅದೇ ಪ್ಲಾಟ್‌ಫಾರ್ಮಿನಲ್ಲಿ ಕಾಲೇಜಿನ ಹುಡುಗನೊಬ್ಬನನ್ನು ಸುಮ್ಮನೆ ಕೇಳಿದೆ, ಲೋಹಿಯಾ ಗೊತ್ತಾ ಅಂತ. ಪಾಪ, ಒಂದು ಕ್ಷಣ ಯೋಚಿಸಿ, "ಮಾರ್ಕೆಟ್ ರೋಡಲ್ಲಿ ವಿಚಾರಿಸಿ ಸರ್, ಬಟ್ಟೆ ಅಂಗಡಿಗಳೆಲ್ಲ ಅಲ್ಲೇ ಇರೋದು" ಎಂದ.

ಕಾಗೋಡಿನ ಮಾತು ಬಂತಲ್ಲ, ನನ್ನ ಹಳೇ ಹುಚ್ಚನ್ನು ಇಲ್ಲಿ ಸ್ವಲ್ಪ ಬಿಚ್ಚಬೇಕು. ಓದುಗರಿಗೆ ಗೊತ್ತಿದೆ, ವರ್ಷಕ್ಕೊಂದು ಸಲ ಬಿಚ್ಚುತ್ತೇನೆ. ನಮ್ಮ ಈ ಸೀಮೆಯ ಚರಿತ್ರೆಯೆಂದರೆ ಅಳತೆಯ ಜಗಳ ಅಂತ ನನ್ನ ವಾದ. ಕೆಳದಿ, ಇಕ್ಕೇರಿ, ಬಿದನೂರು ಎಂದು ರಾಜಧಾನಿ ಬದಲಿಸಿದ ನಾಯಕರಲ್ಲಿ ಶಿವಪ್ಪನಾಯಕನ ಹೆಸರು ಉಳಿದದ್ದು ಕತ್ತಿಯಿಂದಲ್ಲ, ಶಿಸ್ತಿನಿಂದ. ಭೂಮಿ ಅಳೆದು, ಬೆಳೆ ನೋಡಿ, ಇಷ್ಟಕ್ಕೆ ಇಷ್ಟೇ ಕಂದಾಯ ಎಂದು ಹದಿನೇಳನೇ ಶತಮಾನದಲ್ಲಿ ಗೊತ್ತು ಮಾಡಿದ ಪುಣ್ಯಾತ್ಮ. ಮುನ್ನೂರು ವರ್ಷ ಕಳೆದು ಅದೇ ಸೀಮೆಯಲ್ಲಿ ದೀವರ ಗೇಣಿದಾರರು ಎದ್ದು ನಿಂತರು. ಯಾತಕ್ಕೆ? ಕೊಳಗಕ್ಕೆ. ಗೇಣಿ ಭತ್ತ ಅಳೆದುಕೊಳ್ಳಲು ಒಡೆಯರ ಮನೆಯಲ್ಲಿ ಬೇರೆಯದೇ ದೊಡ್ಡ ಕೊಳಗ ಇರುತ್ತಿತ್ತು. ಲೆಕ್ಕದಲ್ಲಿ ಅದೂ ಒಂದು, ಇದೂ ಒಂದು. ಅಂಗಳದಲ್ಲಿ ರಾಶಿ ಕರಗುವಾಗ ಮಾತ್ರ ವ್ಯತ್ಯಾಸ ಗೊತ್ತಾಗುತ್ತಿತ್ತು. ಎಚ್. ಗಣಪತಿಯಪ್ಪನವರು ರೈತರನ್ನು ಕಟ್ಟಿದರು, ಶಾಂತವೇರಿ ಗೋಪಾಲಗೌಡರು ಬಂದರು, ಲೋಹಿಯಾ ಬಂದರು, ಜನ ಜೈಲಿಗೆ ಹೋದರು. ಉಳುವವನೇ ಹೊಲದೊಡೆಯ ಎಂಬುದು ದೇವರಾಜ ಅರಸು ಕಾಲದಲ್ಲಿ, 1974ರಲ್ಲಿ ಜಾರಿಗೆ ಬರುವವರೆಗೂ ಆ ಕೊಳಗದ ಸದ್ದು ಅಡಗಲಿಲ್ಲ.

ಅಂಥ ಒಂದು ಕೊಳಗವನ್ನು ಹೋದ ತಿಂಗಳು ಹತ್ತಿರದಿಂದ ನೋಡಿದೆ. ಕಪ್ಪಿಟ್ಟ ಮರ, ಬಾಯಿಗೆ ಕಬ್ಬಿಣದ ಪಟ್ಟಿ, ತಲೆಮಾರುಗಳ ಕೈ ತಾಗಿ ಅಂಚು ಒಂದು ಕಡೆ ಸವೆದು ನುಣುಪಾಗಿತ್ತು. ತೀರ್ಥಹಳ್ಳಿ ಕಡೆಯ ಒಂದು ಹೋಂಸ್ಟೇಯಲ್ಲಿ. ಕೈ ಒರೆಸಿಕೊಳ್ಳುವ ಟಿಶ್ಯೂ ಪೇಪರ್ ತುಂಬಿಟ್ಟಿದ್ದರು.

ರೈಲಿಗೆ ಬರುತ್ತೇನೆ. ರೈಲಿನದೂ ಅಳತೆಯ ಕಥೆಯೇ ತಾನೆ. ನಮ್ಮದು ಆಗ ಮೀಟರ್ ಗೇಜು. ಅಗಲ ಹಳಿಗೂ ಅದಕ್ಕೂ ಸುಮಾರು ಎರಡೂಕಾಲು ಅಡಿ ವ್ಯತ್ಯಾಸ. ಆ ಎರಡೂಕಾಲು ಅಡಿಗಾಗಿ ನಾವು ವರ್ಷಗಟ್ಟಲೆ ಅರ್ಜಿ ಬರೆದೆವು. ಅಷ್ಟರಲ್ಲಿ ಈ ದಾರಿಗೆ ರೈಲ್ ಬಸ್ ಬಂತು. ಹಳಿಯ ಮೇಲೆ ಓಡುವ ಬಸ್ಸು, ನಿಜವಾಗಿಯೂ ಬಸ್ಸೇ. ಒಮ್ಮೆ ಸಾಗರದಲ್ಲಿ ಹತ್ತಿದೆ. ಪಕ್ಕದಲ್ಲಿ ಒಬ್ಬರು ಬಾಳೆಗೊನೆಯನ್ನು ಮಗುವಿನ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡಿದ್ದರು. ಕಾನಲೆ ದಾಟಿದ ಮೇಲೆ ಹಳಿಯ ಮೇಲೆ ಎಮ್ಮೆಯೊಂದು ನಿಂತಿತ್ತು. ಹಾರನ್ನಿಗೆ ಜಗ್ಗಲಿಲ್ಲ. ಯಾರೋ ಇಳಿದು "ಹೈ, ಹೈ" ಎಂದರು, ಅದು ತನ್ನ ಹೊತ್ತಿಗೆ ತಾನು ಹೋಯಿತು. ತಾಳಗುಪ್ಪದಲ್ಲಿ ಬಸ್ಸನ್ನು ತಿರುಗಿಸಬೇಕಲ್ಲ, ಒಂದು ಗುಂಡು ತಟ್ಟೆಯ ಮೇಲೆ ನಿಲ್ಲಿಸಿ ಕೈಯಿಂದಲೇ ತಳ್ಳುತ್ತಿದ್ದರು, ಎತ್ತಿನ ಗಾಣದ ಹಾಗೆ. ನಾನೂ ಕೈ ಹಚ್ಚಿದ್ದೇನೆ. ಭಾರತೀಯ ರೈಲ್ವೆಗೆ ನನ್ನ ಸೇವೆ ಅಷ್ಟು.

2011ರ ಹೊತ್ತಿಗೆ ತಾಳಗುಪ್ಪಕ್ಕೂ ಅಗಲ ಹಳಿ ಬಂತು. ಈಗ ಮಲಗಿಕೊಂಡು ಬೆಂಗಳೂರಿಗೆ ಹೋಗಬಹುದು. ಬಂದದ್ದಕ್ಕೆ ನನಗೆ ಸಂತೋಷವೇ, ಹಳೆಯದಕ್ಕಾಗಿ ಅಳುವ ಜಾತಿ ನನ್ನದಲ್ಲ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆದಾಗ ಲಾಂಚಿಗಾಗಿ ಕಣ್ಣೀರಿಟ್ಟು ಕವನ ಬರೆದವರನ್ನು ನೋಡಿ ನನಗೆ ನಗು ಬಂದಿತ್ತು. ಕೊನೆಯ ಲಾಂಚ್ ತಪ್ಪಿಸಿಕೊಂಡು ಅಂಬಾರಗೋಡ್ಲಿನ ದಡದಲ್ಲಿ ಜ್ವರದ ಮಗುವನ್ನು ಹೊತ್ತು ನಿಂತವಳಿಗೆ ಆ ಕವನ ಓದಿ ಹೇಳಿ, ಏನು ಅನ್ನುತ್ತಾಳೋ ಕೇಳೋಣ. ಆ ಲಾಂಚು ತೇಲಿದ ಹಿನ್ನೀರು ಲಿಂಗನಮಕ್ಕಿ ಅಣೆಕಟ್ಟಿನದು. 1964ರಲ್ಲಿ ಅಲ್ಲಿ ನೀರು ನಿಂತಾಗ ಊರಿಗೆ ಊರೇ ಮುಳುಗಿತು. ಹದಿನಾರು ವರ್ಷದ ಕೆಳಗಷ್ಟೇ ಮುಗಿದಿದ್ದ ಹಿರೇಭಾಸ್ಕರ ಅಣೆಕಟ್ಟೂ ಅದೇ ನೀರಿನೊಳಗೆ ಹೋಯಿತು. ಅಣೆಕಟ್ಟನ್ನೇ ಅಣೆಕಟ್ಟು ನುಂಗಿದ ಸೀಮೆ ಇದು. ಬೇಸಿಗೆಯಲ್ಲಿ ನೀರು ಇಳಿದಾಗ ಮಡೆನೂರಿನ ಹತ್ತಿರ ಅದು ಮೈ ತೋರಿಸುತ್ತದೆ. ಜನ ನೋಡಲು ಹೋಗುತ್ತಾರೆ, ಡ್ರೋನ್ ಹಾರಿಸುತ್ತಾರೆ. ಮುಳುಗಡೆಯವರು ಭೂಮಿಯ ಹಕ್ಕುಪತ್ರ ಹಿಡಿದುಕೊಂಡು, ಅಥವಾ ಹಿಡಿಯಲು ಸಿಗದೆ, ಇನ್ನೂ ಕಚೇರಿ ಅಲೆಯುವುದನ್ನು ಡ್ರೋನಿನಿಂದ ತೆಗೆಯಲು ಬರುವುದಿಲ್ಲ.

ತೀರ್ಥಹಳ್ಳಿಯವರು ಈ ರೈಲಿನ ಮಾತಿಗೆ ಬರುವುದೇ ಇಲ್ಲ. "ನಮ್ಮ ಕಡೆ ರೈಲೇ ಬರಲಿಲ್ಲವಲ್ಲ ಮಾರಾಯ್ರೆ" ಎನ್ನುತ್ತಾರೆ. ಪಕ್ಕದ ನರಸಿಂಹರಾಜಪುರಕ್ಕೆ ತರೀಕೆರೆಯಿಂದ ಎರಡು ಅಡಿ ಅಗಲದ ಪುಟ್ಟ ಹಳಿ ಇತ್ತು, ಜನ ಟ್ರಾಮು ಎನ್ನುತ್ತಿದ್ದರು. ಎಂದೋ ನಿಂತುಹೋಯಿತು. ನಿಜವಾಗಿ ಬಿಟ್ಟುಹೋದ ರೈಲು ಹಾದಿ ಬೇಕಿದ್ದರೆ ಅದು ಅಲ್ಲಿದೆ, ಕಾಫಿ ತೋಟ ಮತ್ತು ಕಾಡಿನ ನಡುವೆ. ಅಲ್ಲಿ ಧಾರಾವಾಹಿ ತೆಗೆದಿಲ್ಲವಾದ್ದರಿಂದ ಪೋಸ್ಟರೂ ಇಲ್ಲ.

ಸರಿ, ಅರಸಾಳಿನಲ್ಲಿ ನಮ್ಮ ತಂಡ ಚಹಾ ಕುಡಿಯುತ್ತ ರೀಲ್ಸ್ ಮಾಡುತ್ತಿತ್ತು. ಆರುನೂರು ರೂಪಾಯಿಯ ನಡಿಗೆ ಬಾಕಿ ಇದೆ ಅನ್ನಿಸಿ ನಾನೊಬ್ಬನೇ ಹೊರಟೆ. ಹಳಿಯ ಮೇಲಲ್ಲ. ಓಡುವ ರೈಲಿನ ಹಳಿ ತುಳಿದರೆ ರೈಲ್ವೆ ಕಾಯ್ದೆಯ 147ನೇ ಕಲಮಿನಲ್ಲಿ ಕೇಸು. ಲೋಹಿಯಾ ಅವರಿಗೆ ಸಿಕ್ಕ ಗೌರವ ಇಷ್ಟು ಸುಲಭಕ್ಕೆ ನನಗೆ ಬೇಡ. ಪಕ್ಕದ ಗಾಡಿ ದಾರಿ ಹಿಡಿದೆ. ಲಂಟಾನ, ಕಮ್ಯುನಿಸ್ಟ್ ಗಿಡ, ನಡುವೆ ಒಂದೊಂದು ಮತ್ತಿ ಮರ. ಒಂದು ಮೈಲಿಯಾಗಿರಬೇಕು, ಅಡಿಕೆ ತೋಟದ ತಲೆಗೆ ಒಂದು ಮನೆ, ಮನೆಗೆ ತಾಗಿ ಕೊಟ್ಟಿಗೆ. ನೀರು ಕೇಳೋಣ ಅಂತ ಹೋದವನು ಕೊಟ್ಟಿಗೆಯ ತೊಲೆ ನೋಡಿ ಅಲ್ಲೇ ನಿಂತೆ. ಮರದ್ದಲ್ಲ. ರೈಲು ಹಳಿ. ಎರಡು ಹಳಿಗಳನ್ನು ಗೋಡೆಯಿಂದ ಗೋಡೆಗೆ ಅಡ್ಡ ಹಾಕಿ ಮೇಲೆ ಅಟ್ಟ ಕಟ್ಟಿ ಹುಲ್ಲು ಪೇರಿಸಿದ್ದರು. ಹಳಿಯ ಮಗ್ಗುಲಲ್ಲಿ ಉಬ್ಬಿದ ಅಕ್ಷರಗಳಿದ್ದವು. ಕರವಸ್ತ್ರದಿಂದ ತಿಕ್ಕಿದೆ. ಒಂದು, ಒಂಬತ್ತು, ಆಮೇಲೆ ಬರೀ ತುಕ್ಕು.

ಹಿಂದಿನಿಂದ ಯಜಮಾನರು ಬಂದರು. ಎಂಬತ್ತರ ಆಸುಪಾಸು, ಹೆಗಲಲ್ಲಿ ಹಾಳೆಟೊಪ್ಪಿ ನೇತಾಡುತ್ತಿತ್ತು.

"ಎಂತ ನೋಡ್ತಿದೀರಿ? ಅದು ನಮ್ಮ ಹಳೇ ರೈಲಿಂದು. ಗುಜರಿಯವ ತಗಂಡು ಹೋಗ್ತಿದ್ದ, ನಾನು ತಡೆದು ಎರಡು ತುಂಡು ಇಳಿಸ್ಕಂಡೆ."

"ನೆನಪಿಗೆ ಅಂತ ಇಟ್ಟುಕೊಂಡಿರಾ?"

"ಎಂತ ನೆನಪು ಮಾರಾಯ್ರೆ. ಗೆದ್ದಲು ಹಿಡಿಯಲ್ಲ."

ನೀರಿನ ಜೊತೆ ಬೆಲ್ಲ ಕೊಟ್ಟರು. ಅವರ ಅಪ್ಪ ಈ ದಾರಿ ಮಾಡುವಾಗ ಮಣ್ಣು ಹೊತ್ತಿದ್ದರಂತೆ. ಶೂಟಿಂಗ್ ದಿನ ಇವರು ಎಮ್ಮೆ ಹೊಡೆದುಕೊಂಡು ಹೋಗಿದ್ದರಂತೆ, ಚಿತ್ರಕ್ಕೆ ಅಡ್ಡ ಬರುತ್ತೀರಿ ಎಂದು ಯಾರೋ ಆಚೆ ಕಳಿಸಿದರಂತೆ. "ಮ್ಯೂಸಿಯಂ ನೋಡಿದ್ರಾ?" ಎಂದು ಕೇಳಿದೆ. ಒಂದು ಸಲ ಹೋಗಿದ್ದೆ ಎಂದರು. "ಚೆನಾಗದೆ. ನಮ್ಮ ಸ್ಟೇಷನ್ನಿನ ಥರಾನೇ ಮಾಡಿದಾರೆ."

ವಾಪಸ್ ಬರುವಷ್ಟರಲ್ಲಿ ಬಸ್ಸು ಹೊರಡಲು ಸಿದ್ಧವಾಗಿತ್ತು, ಎಲ್ಲರೂ ನನಗಾಗಿ ಕಾಯುತ್ತಿದ್ದರು. ಹುಡುಗ ಸ್ವಲ್ಪ ಗದರುವ ದನಿಯಲ್ಲೇ, ಕಾರ್ಯಕ್ರಮ ಬಿಟ್ಟು ಹೀಗೆಲ್ಲ ನಡೆದುಕೊಂಡು ಹೋಗಬಾರದು ಸರ್ ಎಂದ. ನಡಿಗೆಯಲ್ಲಿ ನಡೆದದ್ದಕ್ಕೆ ಬೈಸಿಕೊಂಡವನು ನಾನೊಬ್ಬನೇ ಇರಬೇಕು.

ರಾತ್ರಿ ಮೊಬೈಲಿಗೆ ಅವರದೊಂದು ಫಾರ್ಮ್ ಬಂತು. ಪ್ರವಾಸದಲ್ಲಿ ನಿಮಗೆ ತುಂಬಾ ಇಷ್ಟವಾದ ಸ್ಥಳ ಯಾವುದು? "ಅರಸಾಳು" ಎಂದು ಬರೆದು ಕಳಿಸಿದೆ.

ಐದೇ ನಿಮಿಷಕ್ಕೆ ಉತ್ತರ: "ಧನ್ಯವಾದಗಳು ಸರ್. ಆ ಜಾಗ ಈ ಪ್ಯಾಕೇಜಿನಲ್ಲಿ ಇರಲಿಲ್ಲ. ಮುಂದಿನ ಸಲ ಸೇರಿಸಲು ಪ್ರಯತ್ನಿಸುತ್ತೇವೆ."