ಸಮಾಜಕಾರ್ಯ ವೃತ್ತಿಗೂ ಬೇಕು ನೋಂದಣಿ

ವೈದ್ಯರು ತಪ್ಪೆಸಗಿದರೆ ದೂರು ಕೊಡಲು ವೈದ್ಯಕೀಯ ಪರಿಷತ್ತಿದೆ. ವಕೀಲರು ಹಾದಿ ತಪ್ಪಿದರೆ ಸನ್ನದು ಅಮಾನತು ಮಾಡಲು ವಕೀಲರ ಪರಿಷತ್ತಿದೆ. ಆದರೆ ದತ್ತು ಕೇಳಿ ಬಂದ ದಂಪತಿಯ ಮನೆಗೆ ಹೋಗಿ, ಮಗುವನ್ನು ಅವರ ಕೈಗೆ ಕೊಡಬಹುದೇ ಎಂದು ವರದಿ ಬರೆಯುವ ಸಮಾಜ ಕಾರ್ಯಕರ್ತರನ್ನು ಪ್ರಶ್ನಿಸಲು ಅಂಥದ್ದೊಂದು ವೃತ್ತಿ ಮಂಡಳಿ ಇಲ್ಲ. 1936ರಲ್ಲಿ ಮುಂಬೈಯಲ್ಲಿ ದೊರಾಬ್ಜಿ ಟಾಟಾ ಹೆಸರಿನ ಶಾಲೆ ಆರಂಭವಾದಾಗಿನಿಂದ ದೇಶದಲ್ಲಿ ಸಮಾಜಕಾರ್ಯವನ್ನು ವೃತ್ತಿಯಾಗಿ ಕಲಿಸಲಾಗುತ್ತಿದೆ. ಇಡೀ ವೃತ್ತಿಗೆ ಅನ್ವಯವಾಗುವ ಕೇಂದ್ರ ಕಾನೂನು ಮಾತ್ರ ಇನ್ನೂ ಬಂದಿಲ್ಲ.

ಇರುವ ಕಾನೂನುಗಳದ್ದು ಒಂದೊಂದಕ್ಕೆ ಒಂದೊಂದು ಅಳತೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರಿಗೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿಯ ಮೇಲೆ ಎರಡು ವರ್ಷದ ಎಂ.ಫಿಲ್. ಬೇಕು, ರಾಜ್ಯ ಪ್ರಾಧಿಕಾರದಲ್ಲಿ ನೋಂದಣಿಯೂ ಆಗಬೇಕು. 2015ರ ಬಾಲನ್ಯಾಯ ಕಾಯ್ದೆಯಡಿ ಮ್ಯಾಜಿಸ್ಟ್ರೇಟರ ಜತೆ ಬಾಲನ್ಯಾಯ ಮಂಡಳಿಯಲ್ಲಿ ಕೂರುವ ಇಬ್ಬರು ಸಮಾಜ ಕಾರ್ಯಕರ್ತರಿಗೆ ಮಕ್ಕಳ ಕ್ಷೇತ್ರದಲ್ಲಿ ಏಳು ವರ್ಷದ ಕೆಲಸ ಸಾಕು. ಇಲ್ಲವೇ ಮಕ್ಕಳ ಮನಶ್ಶಾಸ್ತ್ರ, ಮನೋವೈದ್ಯಶಾಸ್ತ್ರ, ಸಮಾಜಶಾಸ್ತ್ರ ಅಥವಾ ಕಾನೂನು ಪದವಿ ಪಡೆದು ವೃತ್ತಿಯಲ್ಲಿರಬೇಕು. ಆ ಪಟ್ಟಿಯಲ್ಲಿ ಸಮಾಜಕಾರ್ಯದ ಪದವಿಯೇ ಇಲ್ಲ! ಇತ್ತ ಯುಜಿಸಿ 2022ರಲ್ಲಿ ಎಂ.ಫಿಲ್. ಅನ್ನೇ ಕೈಬಿಟ್ಟಿತು. ಆಮೇಲೆ ಮನೋವೈದ್ಯಕೀಯ ಸಮಾಜಕಾರ್ಯಕ್ಕೆ 2025–26ರವರೆಗೆ ವಿನಾಯಿತಿ ನೀಡಿತು. ಕಾಯ್ದೆ ಕೇಳುವ ಪದವಿಯೇ ವಾಯಿದೆಯ ಮೇಲೆ ಉಳಿದರೆ, ನೋಂದಣಿಗೆ ಯಾವ ನೆಲೆ?

2021ರ ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯ ರಕ್ಷಣಾ ವೃತ್ತಿಗಳ ಆಯೋಗ ಕಾಯ್ದೆ ಒಂದು ದಾರಿ ತೋರಿಸಿದೆ. ಕ್ಲಿನಿಕಲ್, ಮನೋವೈದ್ಯಕೀಯ ಮತ್ತು ವೈದ್ಯಕೀಯ ಸಮಾಜ ಕಾರ್ಯಕರ್ತರು ಅದರ ಅನುಸೂಚಿಯಲ್ಲಿದ್ದಾರೆ. ಆದರೆ ಆ ಕಾಯ್ದೆಯ ಕಣ್ಣು ಆರೋಗ್ಯ ಕ್ಷೇತ್ರದ ಮೇಲೆ. ಮಕ್ಕಳ ರಕ್ಷಣೆ, ಜೈಲು, ಕೌಟುಂಬಿಕ ನ್ಯಾಯಾಲಯ, ಶಾಲೆಗಳಲ್ಲಿ ದುಡಿಯುವವರು ಅದರ ವ್ಯಾಪ್ತಿಗೆ ಸರಿಯಾಗಿ ಸಿಗುವುದಿಲ್ಲ.

ಸೇವೆಗೆ ಪರವಾನಗಿ ಯಾಕೆ ಎಂಬ ಆಕ್ಷೇಪ ಸಹಜ. ಬರಗಾಲದಲ್ಲಿ ಗಂಜಿ ಕೇಂದ್ರ ನಡೆಸುವವರಿಗೆ, ಊರಿನ ಸ್ವಸಹಾಯ ಸಂಘ ಕಟ್ಟುವವರಿಗೆ ಯಾವ ಪ್ರಮಾಣಪತ್ರವೂ ಬೇಡ, ನಿಜ. ನೋಂದಣಿ ಬೇಕಾದದ್ದು ಸೇವೆಗಲ್ಲ, ಇನ್ನೊಬ್ಬರ ಬದುಕನ್ನು ತಿರುಗಿಸಬಲ್ಲ ಕೆಲವೇ ಕೆಲಸಗಳಿಗೆ: ದತ್ತು ವರದಿ, ನ್ಯಾಯಾಲಯಕ್ಕೆ ಕೊಡುವ ಸಾಮಾಜಿಕ ತನಿಖಾ ವರದಿ, ಮಾನಸಿಕ ಅಸ್ವಸ್ಥರ ಕುಟುಂಬದೊಡನೆ ನಡೆಸುವ ಆಪ್ತ ಸಮಾಲೋಚನೆ. ಇಂಗ್ಲೆಂಡಿನಲ್ಲಿ 2005ರಿಂದ ನೋಂದಣಿ ಇಲ್ಲದವರು ‘ಸಮಾಜ ಕಾರ್ಯಕರ್ತ’ ಎಂಬ ವೃತ್ತಿನಾಮ ಬಳಸುವಂತಿಲ್ಲ; ಅದರಿಂದ ಅಲ್ಲಿ ಸ್ವಯಂಸೇವಕರ ಕೆಲಸಕ್ಕೆ ಬೀಗ ಬೀಳಲಿಲ್ಲ. ಪದವಿಯಿಲ್ಲದೆ ದಶಕಗಳಿಂದ ಹಳ್ಳಿಗಳಲ್ಲಿ ದುಡಿದವರು ಹೊರಗುಳಿಯುತ್ತಾರೆ ಎಂಬ ಆತಂಕವೇ ಹೆಚ್ಚು ತೂಕದ್ದು. ಅವರ ಅನುಭವವನ್ನು ಅಳೆದು, ಸಣ್ಣ ಅವಧಿಯ ತರಬೇತಿ ಕೊಟ್ಟು ನೋಂದಾಯಿಸುವ ಅವಕಾಶವನ್ನು ಕಾನೂನಿನಲ್ಲೇ ಬರೆಯಬೇಕು. ಪದವೀಧರರ ಕಾವಲುಕೋಟೆ ಕಟ್ಟಲು ಮಂಡಳಿ ಬೇಕಿಲ್ಲ.

ಕೇಂದ್ರ ಸರ್ಕಾರ ಮೂರು ಕೆಲಸ ಮಾಡಲಿ: ಎಂ.ಫಿಲ್.ಗೆ ಬದಲಿ ಅರ್ಹತೆಯನ್ನು ಕಾಯ್ದೆಯಲ್ಲೇ ಸ್ಪಷ್ಟಪಡಿಸಲಿ, ಬಾಲನ್ಯಾಯ ಕಾಯ್ದೆಯ ಪಟ್ಟಿಗೆ ಸಮಾಜಕಾರ್ಯ ಪದವಿಯನ್ನು ಸೇರಿಸಲಿ, ಆರೋಗ್ಯದಾಚೆಗೂ ಅನ್ವಯವಾಗುವ ಪರಿಷತ್ತು ರಚಿಸಲಿ. ಒಂದು ವರದಿಯಿಂದ ಮಗುವನ್ನು ಕಳೆದುಕೊಂಡ ತಾಯಿಗೆ ದೂರು ಕೊಡಲು ಒಂದು ಬಾಗಿಲಾದರೂ ಇರಬೇಕು.