ಅಲ್ಪವಸ್ತುವೆಂಬ ಅಪವಾದ

ಫ್ರೆಂಚ್ ನಿರ್ದೇಶಕಿ ದಿಯಾನ್ ಕ್ಯೂರಿಸ್ ಅವರ ‘ದಿಯಾಬೊಲೊ ಮಾಂತ್’ ಚಿತ್ರದಲ್ಲಿ ಕಥೆಯೇ ಇಲ್ಲವೆಂದೂ, ಅದು ಶಾಲಾಬಾಲಿಕೆಯರ ದಿನಚರಿಗಿಂತ ಹೆಚ್ಚಿನದಲ್ಲವೆಂದೂ, ಇಂಥ ಅಲ್ಪವಸ್ತುವನ್ನು ನಿರ್ದೇಶಕ ತ್ರುಫೋನ ಕೃತಿಯೊಡನೆ ತೂಗುವುದು ರಸಜ್ಞರಿಗೆ ಉಚಿತವಲ್ಲವೆಂದೂ ನಮ್ಮ ಸೋದರಪತ್ರಿಕೆಯೊಂದು ತೀರ್ಪಿತ್ತಿದೆ. ಈ ತೀರ್ಪು ಅನ್ಯಾಯದ್ದು. ಅದರ ಹಿಂದಿರುವ ಮಾನದಂಡವಂತೂ ಇನ್ನೂ ಅನ್ಯಾಯದ್ದು.

ತ್ರುಫೋನ 1959ರ ‘400 ಬ್ಲೋಸ್’ ಚಿತ್ರದಲ್ಲಿ ಆಂತ್ವಾನ್ ಎಂಬ ಹುಡುಗನು ಶಾಲೆ ತಪ್ಪಿಸಿ, ತಾಯಿ ಸತ್ತಳೆಂದು ಸುಳ್ಳಾಡಿ, ಟೈಪ್‌ರೈಟರ್ ಕದ್ದರೆ, ಅದರಲ್ಲಿ ಸಮಾಜವ್ಯವಸ್ಥೆಯ ವಿರುದ್ಧದ ಬಂಡಾಯವನ್ನು ಕಂಡು ಪುಟಗಟ್ಟಲೆ ಬರೆಯುವ ವಿಮರ್ಶಕರಿಗೆ, ಕ್ಯೂರಿಸ್ ಚಿತ್ರದ ಹದಿಮೂರರ ಆನ್ ಸುಳ್ಳಾಡಿದಾಗ, ಕದ್ದಾಗ, ಅಕ್ಕ ಫ್ರೆದೆರಿಕ್‌ಳಿಗೆ ಬಂದ ಪತ್ರವನ್ನು ಒಡೆದು ಓದಿದಾಗ, ಕೇವಲ ಬಾಲಚೇಷ್ಟೆ ಕಾಣುವುದೇಕೆ? ವಿಚ್ಛೇದಿತೆಯಾದ ತಾಯಿಯ ಮನೆ, ರಜೆಯಲ್ಲಿ ಮಾತ್ರ ದೊರೆಯುವ ತಂದೆ, ಕಾಲುಚೀಲಕ್ಕಾಗಿ ತಾಯಿಯೊಡನೆ ನಡೆಯುವ ಜಗಳ, ಎಲ್ಲರಿಗೂ ಆದದ್ದು ತನಗಿನ್ನೂ ಆಗಲಿಲ್ಲವಲ್ಲಾ ಎಂಬ ಋತುಪ್ರಾಪ್ತಿಯ ಕಾತರ, ಇವೆಲ್ಲ ಹೆಣ್ಣುಮಕ್ಕಳ ಬಾಳಿನಲ್ಲಿ ನಡೆಯುವುದರಿಂದಲೇ ಕ್ಷುಲ್ಲಕವಾಗುವುದಾದರೆ, ಆ ಕ್ಷುಲ್ಲಕತೆ ಚಿತ್ರದ್ದಲ್ಲ, ನೋಡುವವರ ಕಣ್ಣಿನದು.

ಚರಿತ್ರೆಯ ಸ್ಪರ್ಶವೇ ಇಲ್ಲವೆಂಬ ಇನ್ನೊಂದು ಆಕ್ಷೇಪವಂತೂ ಚಿತ್ರವನ್ನು ಪೂರ್ತಿಯಾಗಿ ನೋಡದವರ ಮಾತು. 1962ರ ಫೆಬ್ರುವರಿ 8ರಂದು, ಅಲ್ಜೀರಿಯಾ ಯುದ್ಧವನ್ನೂ ಅದನ್ನು ಮುಂದುವರಿಸಹೊರಟ ಭಯೋತ್ಪಾದಕರನ್ನೂ ಪ್ರತಿಭಟಿಸಿ ಪ್ಯಾರಿಸ್ಸಿನಲ್ಲಿ ನೆರೆದ ಜನರ ಮೇಲೆ ಪೊಲೀಸರು ಎರಗಿದರು; ಶಾರೋನ್ ಮೆಟ್ರೋ ನಿಲ್ದಾಣದ ಬಾಗಿಲಲ್ಲಿ ನಡೆದ ಆ ದಾಳಿಯಲ್ಲಿ ಒಂಬತ್ತು ಮಂದಿ ಪ್ರಾಣ ತೆತ್ತರು. ಆ ದಿನವನ್ನು ತಾನು ಕಂಡಂತೆ ಚಿತ್ರದಲ್ಲಿ ವಿದ್ಯಾರ್ಥಿನಿಯೊಬ್ಬಳು ತರಗತಿಯ ಮುಂದೆ ಹೇಳುತ್ತಾಳೆ. ಲಾಠಿಯನ್ನಾಗಲಿ ರಕ್ತವನ್ನಾಗಲಿ ಕ್ಯೂರಿಸ್ ತೋರಿಸುವುದಿಲ್ಲ. ಹುಡುಗಿಯ ಮಾತೊಂದೇ ಸಾಕೆಂದು ನಂಬುತ್ತಾರೆ. ಶಿಸ್ತಿನ ಹೆಸರಿನಲ್ಲಿ ಬಾಯಿ ಮುಚ್ಚಿಸುವ ಆ ಶಾಲೆಯೊಳಗೆ, ಫ್ರೆದೆರಿಕ್‌ಳ ರಾಜಕೀಯ ಪ್ರಜ್ಞೆ ಕಣ್ತೆರೆಯುತ್ತಿರುವ ಕಾಲದಲ್ಲಿ, ಈ ಮಾತು ಕೇಳಿಬರುವುದೆಂಬುದನ್ನು ಗಮನಿಸಿದವರಿಗೆ, ದೇಶದ ಚರಿತ್ರೆಯೂ ದೇಹದ ಚರಿತ್ರೆಯೂ ಇಲ್ಲಿ ಬೇರೆ ಬೇರೆಯಲ್ಲವೆಂಬುದು ತಿಳಿಯದಿರಲಾರದು.

ಕಥೆ ನಡೆಯುವುದು 1963ರ ಬೇಸಿಗೆಯಿಂದ ಮುಂದಿನ ಬೇಸಿಗೆಯವರೆಗೆ. ತಾವೇ ಓದಿದ ಜೂಲ್ ಫೆರಿ ಶಾಲೆಯ ನೆನಪುಗಳಿಂದ, ಅದುವರೆಗೆ ನಟಿಯಾಗಿದ್ದ ಕ್ಯೂರಿಸ್ ಕಟ್ಟಿದ ಮೊದಲ ಚಿತ್ರವಿದು. 1977ರ ಲೂಯಿ ದೆಲ್ಲುಕ್ ಪ್ರಶಸ್ತಿ ಅದಕ್ಕೇ ಸಂದಿತು. ಪ್ರಶಸ್ತಿಯೇ ಪ್ರಮಾಣವೆಂದು ನಾವು ವಾದಿಸುವುದಿಲ್ಲ. ಸ್ವಂತ ಬಾಲ್ಯವನ್ನು ಗಂಡಸು ಚಿತ್ರಿಸಿದರೆ ಅದು ಯುಗದ ಆತ್ಮಕಥೆ, ಹೆಂಗಸು ಚಿತ್ರಿಸಿದರೆ ಸ್ವಾನುಕಂಪ, ಎಂಬ ಈ ಪಕ್ಷಪಾತವು ನಮ್ಮ ವಿಮರ್ಶೆಯಲ್ಲಿ ಬೇರೂರಿರುವವರೆಗೆ, ನಮ್ಮ ಲೇಖಕಿಯರ ಕೃತಿಗಳಿಗೂ ನ್ಯಾಯ ದೊರೆಯಲಾರದೆಂಬುದೇ ನಮ್ಮ ಆತಂಕ.

ಈ ಸಂಚಿಕೆಯು ಆನ್-ಫ್ರೆದೆರಿಕ್‌ರಂಥ ಸೋದರಿಯರನ್ನು ಕುರಿತ ಕಥನಗಳಿಗೆ ಮೀಸಲು. ಓದುವ ಮುನ್ನ ಸಾಧ್ಯವಾದರೆ ವಾಚಕರು ಚಿತ್ರವನ್ನು ನೋಡಬೇಕು. ಫಿಲ್ಮ್ ಸೊಸೈಟಿಗಳ ಮಿತ್ರರು ಅದನ್ನು ತರಿಸಿ ಪ್ರದರ್ಶಿಸಬೇಕೆಂದು ನಮ್ಮ ಬಿನ್ನಹ.